ಪೇಪರ್ಸ್, ಪ್ಲೀಸ್ ಆಡುವಾಗ ಆದದ್ದು ಕರುಣರಸವೇ, ಬರಿಯ ಪಾಪಪ್ರಜ್ಞೆಯೇ?

ಪಡುವಣಗಾಳಿ:

ಈ ವೇದಿಕೆಯಲ್ಲಿ ಕಾವ್ಯಮೀಮಾಂಸೆಯನ್ನು ಅರೆದು ಕುಡಿದವರಿದ್ದಾರೆ, ಕಂಪ್ಯೂಟರ್ ಆಟ ಕಟ್ಟಿ ಹೊಟ್ಟೆ ಹೊರೆಯುವವರೂ ಇದ್ದಾರೆ. ಎರಡೂ ಗುಂಪು ಒಂದೇ ಎಳೆಯಲ್ಲಿ ಮಾತನಾಡಿದ್ದನ್ನು ನಾನು ಕಂಡಿಲ್ಲ. ಜಗಳಕ್ಕೆ ಒಂದು ನೆಪ ಒದಗಿಸುತ್ತಿದ್ದೇನೆ.

'ಪೇಪರ್ಸ್, ಪ್ಲೀಸ್' 2013ರಲ್ಲಿ ಬಂದ ಆಟ. ಲೂಕಸ್ ಪೋಪ್ ಬಹುಮಟ್ಟಿಗೆ ಒಬ್ಬನೇ ಕುಳಿತು ಮಾಡಿದ್ದು. 1982ರ ಅರ್ಸ್ಟೋಟ್ಸ್ಕಾ ಎಂಬ ಕಾಲ್ಪನಿಕ ದೇಶ. ಅದರ ಗಡಿಯ ತಪಾಸಣಾ ಗೂಡಿನಲ್ಲಿ ಕೂತ ಗುಮಾಸ್ತ ನೀವು. ಪಾಸ್‌ಪೋರ್ಟ್, ಪರವಾನಗಿ, ಭಾವಚಿತ್ರ, ಗಡುವಿನ ದಿನಾಂಕ ಎಲ್ಲವನ್ನೂ ತಾಳೆ ನೋಡಿ ಹಸಿರು ಠಸ್ಸೆಯನ್ನೋ ಕೆಂಪು ಠಸ್ಸೆಯನ್ನೋ ಒತ್ತಬೇಕು. ತಲೆಗಿಷ್ಟು ಎಂದು ಕೂಲಿ. ಆ ಕೂಲಿಯಲ್ಲಿ ಸಂಜೆ ಮನೆ ಬಾಡಿಗೆ, ಊಟ, ಚಳಿಗೆ ಬಿಸಿ, ಕಾಯಿಲೆ ಬಿದ್ದವರಿಗೆ ಔಷಧ. ಒಬ್ಬ ಗಂಡಸು ಬರುತ್ತಾನೆ, ಅವನ ಕಾಗದವೆಲ್ಲ ಸರಿಯಾಗಿದೆ. ಹಿಂದೆಯೇ ಬರುವ ಹೆಂಡತಿಯ ಮೇಲೆ ದಯೆ ಇರಲಿ ಎಂದು ಕೇಳಿಕೊಂಡು ಹೋಗುತ್ತಾನೆ. ಹೆಂಡತಿಯ ಬಳಿ ಪ್ರವೇಶ ಪರವಾನಗಿ ಇಲ್ಲ. ವಾಪಸ್ ಕಳಿಸಿದರೆ ತನ್ನನ್ನು ಕೊಲ್ಲುತ್ತಾರೆ ಎನ್ನುತ್ತಾಳೆ. ನಾನು ಕೆಂಪು ಠಸ್ಸೆ ಒತ್ತಿದೆ.

ಮಗನ ಹೆಣ ಹೊತ್ತು ಬಂದ ಚಂದ್ರಮತಿಯಿಂದ ಹರಿಶ್ಚಂದ್ರ ಸುಡುಗಾಡಿನ ತೆರಿಗೆ ಕೇಳುವುದನ್ನು ರಾಘವಾಂಕನಲ್ಲಿ ಓದುವಾಗ ಕಣ್ಣು ತುಂಬುತ್ತದೆ. ಅಲ್ಲಿಯೂ ಒಬ್ಬ ಕಾವಲುಗಾರ, ಒಂದು ನಿಯಮ, ನಿಯಮ ಪೂರೈಸಲಾಗದ ಒಬ್ಬ ಹೆಣ್ಣು. ಆದರೆ ಓದಿ ಅತ್ತ ಮೇಲೆ ಮನಸ್ಸು ತಿಳಿಯಾಗುತ್ತದೆ. ಈ ಆಟ ಆಡಿದ ಮೇಲೆ ತಿಳಿಯಾಗಲಿಲ್ಲ, ಕಸಿವಿಸಿಯೇ ಉಳಿಯಿತು. ಹಾಗಿದ್ದರೆ ಇದು ರಸವೇ, ಅಂದರೆ ಕಲೆಯಲ್ಲಿ ಭಾವವನ್ನು ಸವಿಯುವ ಅನುಭವವೇ ಅಲ್ಲವೇ? ಅಥವಾ ಕಲೆಯೇ ಅಲ್ಲವೇ?

ಲೆಕ್ಕಿಗ:

ಹದಿನೈದು ವರ್ಷಗಳಿಂದ ಆಟಗಳ ಕೋಡ್ ಬರೆಯುತ್ತಿರುವವನ ತಕರಾರು: ಸಾಹಿತ್ಯದ ಅಳತೆಗೋಲು ಹಿಡಿದು ಆಟದ ಬಳಿಗೆ ಬರಬೇಡಿ. ಈ ಕೆಲಸ ಒಮ್ಮೆ ನಡೆದು ಸಾಕಷ್ಟು ನಗೆಪಾಟಲಾಗಿದೆ. 1997ರಲ್ಲಿ ಜಾನೆಟ್ ಮರ್ರಿ ಎಂಬ ಅಮೆರಿಕದ ವಿದ್ವಾಂಸೆ ಟೆಟ್ರಿಸ್ ಆಟಕ್ಕೆ ಅರ್ಥ ಹೇಳಿದರು. ಮೇಲಿನಿಂದ ಸುರಿಯುತ್ತಲೇ ಇರುವ ತುಂಡುಗಳು, ಅವನ್ನು ಹೊಂದಿಸಿ ತೆರವು ಮಾಡುವ ಧಾವಂತ, ಇದು 90ರ ದಶಕದ ಅಮೆರಿಕನ್ನರ ಬಿಡುವಿಲ್ಲದ ಬದುಕಿನ ಪ್ರತಿರೂಪವಂತೆ. ಆಟ ಮಾಡಿದ ಅಲೆಕ್ಸಿ ಪಾಜಿಟ್ನೋವ್ ಕೂತಿದ್ದದ್ದು 80ರ ದಶಕದ ಮಾಸ್ಕೋದಲ್ಲಿ! ಫಿನ್‌ಲೆಂಡ್‌ನ ಮಾರ್ಕು ಎಸ್ಕೆಲಿನೆನ್ 2001ರಲ್ಲಿ ಇದನ್ನು ಚೆನ್ನಾಗಿ ಲೇವಡಿ ಮಾಡಿದರು. ನಾನು ಚೆಂಡು ಎಸೆದರೆ ನೀವು ಅದನ್ನು ಕೆಳಗೆ ಬಿಟ್ಟು ಅದು ಕಥೆ ಹೇಳಲಿ ಎಂದು ಕಾಯುವುದಿಲ್ಲ, ಅಲ್ಲವೇ ಎಂಬುದು ಅವರ ಮಾತಿನ ತಾತ್ಪರ್ಯ.

ನಾರ್ವೆಯ ಎಸ್ಪೆನ್ ಆರ್ಸೆಟ್ 1997ರಲ್ಲಿಯೇ ಹೆಚ್ಚು ಉಪಯುಕ್ತವಾದ ಒಂದು ಗೆರೆ ಎಳೆದಿದ್ದರು. ಪುಟ ತಿರುವುವುದು, ಸಾಲಿನ ಮೇಲೆ ಕಣ್ಣು ಹಾಯಿಸುವುದು ಲೆಕ್ಕಕ್ಕಿಲ್ಲ. ಪಠ್ಯವನ್ನು ದಾಟಬೇಕಾದರೆ ಓದುಗ ಅದಕ್ಕಿಂತ ಹೆಚ್ಚು ದುಡಿಯಬೇಕಾದಂಥವು ಬೇರೆಯೇ ಜಾತಿ. ಅವಕ್ಕೆ ಅವರು ಎರ್ಗೋಡಿಕ್ ಎಂದು ಹೆಸರಿಟ್ಟರು. ಅಲ್ಲಿ ಪರದೆಯ ಮೇಲೆ ಕಾಣುವುದು ಒಂದು, ಒಳಗೆ ಸಂಗ್ರಹವಾಗಿರುವುದು ಮತ್ತೊಂದು, ಒಳಗಿನದನ್ನು ಹೊರಗೆ ತರುವ ಯಂತ್ರದ ನಿಯಮ ಮೂರನೆಯದು. ಕಲೆಗಾರಿಕೆ ಇರುವುದು ಆ ಮೂರನೆಯದರಲ್ಲಿ. ನೀವು ಪರದೆ ನೋಡಿ ರಸ ಹುಡುಕುತ್ತಿದ್ದೀರಿ.

ಪಡುವಣಗಾಳಿ:

ಒಪ್ಪೋಣ. ನನ್ನನ್ನು ಕಾಡಿದ್ದೂ ನಿಯಮವೇ, ಆ ಹೆಂಗಸಿನ ಮಾತಲ್ಲ. ಅವಳ ಸಂಭಾಷಣೆ ಎರಡು ಮೂರು ಸಾಲು ಮಾತ್ರ, ಮುಖ ಒರಟು ಚೌಕಗಳ ಚಿತ್ರ. ಆದರೆ ಆ ಆಟದಲ್ಲಿ ದಿನದ ಮೊದಲ ಎರಡು ತಪ್ಪುಗಳಿಗೆ ಬರಿಯ ಎಚ್ಚರಿಕೆ ಚೀಟಿ, ಮೂರನೆಯದರಿಂದ ಕೂಲಿಗೆ ಕತ್ತರಿ. ಅಂದರೆ ದಿನಕ್ಕೆ ಎರಡು ಕರುಣೆ ಬಿಟ್ಟಿ. ಆ ಎರಡನ್ನು ನಾನು ಬೆಳಿಗ್ಗೆಯೇ ಗಡಿಬಿಡಿಯಲ್ಲಿ, ದಿನಾಂಕ ಸರಿಯಾಗಿ ನೋಡದೆ ಕಳೆದುಕೊಂಡಿದ್ದೆ. ಅವಳು ಬಂದಾಗ ಕರುಣೆಯ ಖಾತೆಯಲ್ಲಿ ಏನೂ ಉಳಿದಿರಲಿಲ್ಲ. ದಯೆಯೂ ಒಂದು ಬಜೆಟ್ ಎಂದು ಯಾರೂ ಬಾಯಿಬಿಟ್ಟು ಹೇಳದೆ ನನ್ನ ಕೈಯಿಂದಲೇ ಮಾಡಿಸಿ ತೋರಿಸಿದರು. ಕಾದಂಬರಿಕಾರ ಇದನ್ನು ಒಂದು ವಾಕ್ಯದಲ್ಲಿ ಬರೆದಿದ್ದರೆ ತಲೆಯಾಡಿಸಿ ಮುಂದಿನ ಪುಟಕ್ಕೆ ಹೋಗುತ್ತಿದ್ದೆ.

ಶೇಷಪತ್ರ:

ಕಾಲೇಜಿನಲ್ಲಿ ಕಾವ್ಯಮೀಮಾಂಸೆ ಪಾಠ ಮಾಡಿ ನಿವೃತ್ತನಾದವನು. ಆಟಗಳ ಗಂಧ ನನಗಿಲ್ಲ, ಆದರೆ ಪಡುವಣಗಾಳಿ ಅವರು ಕೇಳಿದ ಪ್ರಶ್ನೆಗೆ ಸಾವಿರ ವರ್ಷದ ಹಿಂದಿನ ಉತ್ತರವಿದೆ.

ಕಾಶ್ಮೀರದ ಕಾವ್ಯಮೀಮಾಂಸಕ ಅಭಿನವಗುಪ್ತ ರಸಾನುಭವಕ್ಕೆ ಏಳು ವಿಘ್ನಗಳನ್ನು ಹೇಳುತ್ತಾನೆ. ಅವುಗಳಲ್ಲಿ ಎರಡು ಇಲ್ಲಿ ನೇರವಾಗಿ ತಗಲುತ್ತವೆ. ಒಂದು, 'ಇದು ನನ್ನದು, ಇದು ಅವನದು' ಎಂದು ಸುಖದುಃಖಗಳನ್ನು ಯಾರಿಗೋ ಅಂಟಿಸಿಬಿಡುವುದು. ಇನ್ನೊಂದು, ತನ್ನದೇ ಸುಖದುಃಖಕ್ಕೆ ವಶನಾಗಿರುವುದು. ನಾಟಕ ನೋಡಲು ಬಂದವನು ಮನೆಯ ಸಾಲದ ಚಿಂತೆಯಲ್ಲಿದ್ದರೆ ಶಕುಂತಲೆಯ ದುಃಖ ಅವನಿಗೆ ದಕ್ಕುವುದಿಲ್ಲ. ನೀವು ಹೇಳುವ ಆಟ ಮಾಡುತ್ತಿರುವುದು ಏನು? ಆಡುವವನ ತಲೆಯ ಮೇಲೆ ಬಾಡಿಗೆ, ಔಷಧ, ದಂಡ ಎಲ್ಲವನ್ನೂ ಹೇರಿ ಅವನನ್ನು ಬೇಕೆಂದೇ ಸ್ವಂತ ದುಃಖಕ್ಕೆ ಕಟ್ಟಿಹಾಕುತ್ತಿದೆ. ವಿಘ್ನವನ್ನು ನಿವಾರಿಸುವ ಬದಲು ವಿಘ್ನವನ್ನೇ ಕಟ್ಟಿ ನಿಲ್ಲಿಸುತ್ತಿದೆ. ಅಲ್ಲಿ ಸಾಧಾರಣೀಕರಣಕ್ಕೆ, ಅಂದರೆ ಭಾವ ಯಾರೊಬ್ಬರದೂ ಆಗದೆ ಎಲ್ಲರದೂ ಆಗುವುದಕ್ಕೆ, ಜಾಗವೆಲ್ಲಿ? ನಿಮಗಾದದ್ದು ಲೌಕಿಕ ಅನುತಾಪ. ಅದು ಒಳ್ಳೆಯದೇ ಇರಬಹುದು, ನೀತಿಗೆ ಉಪಕಾರಿಯೂ ಇರಬಹುದು. ರಸ ಅಲ್ಲ.

ಇನ್ನೊಂದು ಮಾತು. ನಟನಿಗೆ ರಸವುಂಟೇ ಎಂಬ ಪ್ರಶ್ನೆಗೂ ಅಭಿನವಗುಪ್ತ ಇಲ್ಲ ಎನ್ನುತ್ತಾನೆ. ನಟ ಆಸ್ವಾದಕ್ಕೆ ಒಂದು ಬಟ್ಟಲು. ಮದ್ಯದ ರುಚಿ ಬಟ್ಟಲಿಗೆ ತಿಳಿಯುವುದಿಲ್ಲ, ಕುಡಿಯುವವನಿಗೆ ತಿಳಿಯುತ್ತದೆ. ನಿಮ್ಮ ಆಟಗಾರ ಯಾರು, ಬಟ್ಟಲೋ ಕುಡಿಯುವವನೋ?

ಲೆಕ್ಕಿಗ:

ಎರಡೂ! ಅದೇ ಅಲ್ಲವೇ ಹೊಸದು? ನಿಮ್ಮ ಸಿದ್ಧಾಂತದಲ್ಲಿ ಆ ಖಾನೆಯೇ ಇಲ್ಲ.

ಮದ್ದಳೆ:

ಖಾನೆ ಇಲ್ಲ ಎನ್ನಬೇಡಿ ಮಾರಾಯರೇ. ಕರಾವಳಿಯಲ್ಲಿ ತಾಳಮದ್ದಳೆ ಎಂಬುದೊಂದಿದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯ ಮೊದಲೇ ಬರೆದದ್ದು, ಪಾತ್ರವಾಗಿ ಕೂತು ಮಾತನಾಡುವ ಅರ್ಥಧಾರಿಯ ಮಾತು ಆ ಕ್ಷಣದ್ದು. ಎದುರು ಕೂತವನು ಏನು ಪ್ರಶ್ನೆ ಹಾಕುತ್ತಾನೆಂದು ಮೊದಲೇ ತಿಳಿಯದು. ಕರ್ಣ ಸಾಯುತ್ತಾನೆ ಎಂದು ಸಭೆಗೆಲ್ಲ ಗೊತ್ತು, ಆದರೆ ವಾದದಲ್ಲಿ ಕರ್ಣ ಗೆದ್ದು ಸಾಯುವ ರಾತ್ರಿಗಳೂ ಇವೆ. ನಿಯಮ ಇದೆ, ಸ್ಪರ್ಧೆ ಇದೆ, ಒಳದಾರಿಗಳಿವೆ, ಕೊನೆ ಮಾತ್ರ ಗಟ್ಟಿ. ಇದಕ್ಕಿಂತ ಎರ್ಗೋಡಿಕ್ ಯಾವುದು ಬೇಕು? ಅರ್ಥಧಾರಿಗಳನ್ನು ಕೇಳಿ ನೋಡಿ, ಕಟ್ಟಿಕೊಂಡ ಮಾತು ಕೈಕೊಟ್ಟು ಪಾತ್ರವೇ ಮಾತನಾಡಲು ತೊಡಗಿದ ಗಳಿಗೆ ಇತ್ತು ಎನ್ನುತ್ತಾರೆ. ಬಟ್ಟಲಿಗೂ ಒಮ್ಮೊಮ್ಮೆ ನಶೆ ಏರುತ್ತದೆ ಎಂದಾಯಿತು.

ಶೇಷಪತ್ರ:

ಮದ್ದಳೆಯವರೇ, ಸೊಗಸಾದ ಉದಾಹರಣೆ, ಆದರೆ ಅದು ನನ್ನ ಪಕ್ಷಕ್ಕೇ ಸಾಕ್ಷಿ. ತಾಳಮದ್ದಳೆಯ ರಸ ಸಭೆಯಲ್ಲಿದೆ. ಸಭೆ ಎದ್ದು ಹೋದ ಮೇಲೆ ಇಬ್ಬರು ಅರ್ಥಧಾರಿಗಳು ಬೆಳಗಿನವರೆಗೆ ವಾದಿಸಿದರೆ ಅದನ್ನು ಜಗಳ ಎನ್ನುತ್ತಾರೆ.

ಹಿತ್ತಿಲಬಾಗಿಲು:

ಸಭೆಯ ಮಾತು ಬಂದದ್ದರಿಂದ ಹೇಳುತ್ತೇನೆ. ನಾನು ಆಟ ಆಡುವುದಿಲ್ಲ, ಮಗ ಆಡುವಾಗ ಪಕ್ಕದಲ್ಲಿ ಕೂತು ನೋಡುತ್ತೇನೆ. ಇದೇ ಆಟವನ್ನೂ ನೋಡಿದ್ದೇನೆ. ಆ ಹೆಂಗಸು ಬಂದಾಗ ನನಗೆ ಗಂಟಲು ಕಟ್ಟಿತು. ಅವನು ಇನ್ನೆಷ್ಟು ದುಡ್ಡು ಉಳಿದಿದೆ ಎಂದು ಎಣಿಸುತ್ತಿದ್ದ. ಶೇಷಪತ್ರ ಸರ್ ಹೇಳುವ ಪ್ರಕಾರ ರಸ ನನ್ನ ಪಾಲಿಗೆ ಬಂತು, ಲೌಕಿಕ ಅವನ ಪಾಲಿಗೆ. ಆದರೆ ಆಟ ಬದಲಾಯಿಸಿದ್ದು ಅವನನ್ನು. ಆಮೇಲೆ ಎಷ್ಟೋ ದಿನ 'ಅಮ್ಮ, ನಿಜವಾದ ಗುಮಾಸ್ತರೂ ಹೀಗೇ ಲೆಕ್ಕ ಹಾಕುತ್ತಾರಾ' ಎಂದು ಕೇಳುತ್ತಿದ್ದ. ನಾನು ಅತ್ತು ಮರೆತಿದ್ದೆ.

ಲೆಕ್ಕಿಗ:

ಈ ಎಳೆಯ ಅತ್ಯುತ್ತಮ ಟಿಪ್ಪಣಿ ಇದು. ಇಯಾನ್ ಬೊಗಸ್ಟ್ 2007ರಲ್ಲಿ ವಾದಿಸಿದ್ದೂ ಹೆಚ್ಚು ಕಡಿಮೆ ಇದನ್ನೇ: ಮಾತಿನಿಂದ ಒಪ್ಪಿಸುವ ಕಲೆ ಇದ್ದಂತೆ, ಚಿತ್ರದಿಂದ ಒಪ್ಪಿಸುವ ಕಲೆ ಇದ್ದಂತೆ, ಪ್ರಕ್ರಿಯೆಯನ್ನು ಕಟ್ಟಿ ಅದರೊಳಗೆ ಓಡಾಡಿಸಿ ಒಪ್ಪಿಸುವ ಕಲೆಯೂ ಇದೆ. ಉರುಗ್ವೆಯ ಗೊನ್ಸಾಲೊ ಫ್ರಾಸ್ಕ 2003ರಲ್ಲಿ 'ಸೆಪ್ಟೆಂಬರ್ 12' ಎಂಬ ಪುಟ್ಟ ಆಟ ಮಾಡಿದರು. ಮಧ್ಯಪ್ರಾಚ್ಯದ ಊರಿನಂಥ ಊರು, ಜನರ ನಡುವೆ ಬಂದೂಕು ಹಿಡಿದ ಕೆಲವರು, ನಿಮ್ಮ ಕೈಯಲ್ಲಿ ಕ್ಷಿಪಣಿ. ಗುರಿಯಿಟ್ಟು ಒತ್ತಿದರೂ ಕ್ಷಿಪಣಿ ತುಸು ತಡವಾಗಿ ಬೀಳುತ್ತದೆ. ಅಷ್ಟರಲ್ಲಿ ಜನ ಓಡಾಡಿರುತ್ತಾರೆ, ಸಂಬಂಧವಿಲ್ಲದವರು ಸಾಯುತ್ತಾರೆ, ಅವರಿಗಾಗಿ ಅಳುವವರು ಅಳುತ್ತ ಅಳುತ್ತಲೇ ಬಂದೂಕುಧಾರಿಗಳಾಗುತ್ತಾರೆ. ಅಂಕವಿಲ್ಲ, ಗೆಲುವಿಲ್ಲ. ಸಂದೇಶ ಇರುವುದು ಆ ತಡದಲ್ಲಿ. ಕ್ಷಿಪಣಿ ಒತ್ತಿದ ಕೂಡಲೇ ಬೀಳುವಂತೆ ಕೋಡ್ ಬದಲಾಯಿಸಿದರೆ, ಚಿತ್ರ ಅದೇ ಇದ್ದರೂ, ಆಟ ತನ್ನ ಅರ್ಥಕ್ಕೆ ವಿರುದ್ಧವಾಗಿಬಿಡುತ್ತದೆ.

ನಡುಪುಟ:

ಎಲ್ಲರೂ ಆಟವನ್ನೇ ಹಿಡಿದುಕೊಂಡಿದ್ದೀರಿ. ಡಿಜಿಟಲ್ ಸಾಹಿತ್ಯ ಎಂದರೆ ಠಸ್ಸೆ, ಕ್ಷಿಪಣಿ ಅಷ್ಟೇ ಅಲ್ಲ. ಮೈಕಲ್ ಜಾಯ್ಸ್ 'ಆಫ್ಟರ್‌ನೂನ್' ಎಂಬ ಹೈಪರ್‌ಟೆಕ್ಸ್ಟ್ ಕಥೆಯನ್ನು 1987ರಲ್ಲಿ ಮೊದಲು ತೋರಿಸಿದ್ದು. ಈಸ್ಟ್‌ಗೇಟ್ ಅದನ್ನು 1990ರಲ್ಲಿ ಪ್ರಕಟಿಸಿತು. 539 ತುಣುಕುಗಳು. ಬೆಳಿಗ್ಗೆ ದಾರಿಯಲ್ಲಿ ಕಂಡ ಅಪಘಾತದಲ್ಲಿ ತನ್ನ ಮಗನೂ ಮಾಜಿ ಹೆಂಡತಿಯೂ ಸತ್ತಿರಬಹುದು ಎಂಬ ಭಯದಲ್ಲಿ ಒಬ್ಬ ದಿನವೆಲ್ಲ ತೊಳಲಾಡುತ್ತಾನೆ. ಯಾವ ಪದದ ಮೇಲೆ ಒತ್ತಿದರೆ ಎಲ್ಲಿಗೆ ಹೋಗುತ್ತೇವೆ ಎಂಬುದು ನಾವು ಈ ಮೊದಲು ಏನು ಓದಿದ್ದೇವೆ ಎಂಬುದರ ಮೇಲೆ ನಿಂತಿದೆ. ಅಪಘಾತದಲ್ಲಿ ಅವನ ಪಾಲೂ ಇದೆಯೇನೋ ಎಂಬ ಸುಳಿವು ಕೆಲವು ಬೇರೆ ತುಣುಕುಗಳನ್ನು ದಾಟಿ ಬಂದವರಿಗಷ್ಟೇ ತೆರೆದುಕೊಳ್ಳುತ್ತದೆ. ಅಂದರೆ ಅವನು ತನಗೆ ತಾನೇ ಮುಚ್ಚಿಟ್ಟುಕೊಂಡದ್ದನ್ನು ತಂತ್ರಾಂಶವೂ ಮುಚ್ಚಿಡುತ್ತದೆ. ಸುತ್ತಿ ಸುತ್ತಿ ಅದೇ ಜಾಗಕ್ಕೆ ಬಂದು ನಿಲ್ಲುವ ಬೇಸರವೇ ಆ ಕಥೆಯ ಭಾವ. ಇದು ಗೆಲ್ಲುವ ಸೋಲುವ ವ್ಯವಹಾರವಲ್ಲ.

ಇನ್ನೂ ಹಿಂದಕ್ಕೆ ಹೋದರೆ 1952ರಲ್ಲಿ ಮ್ಯಾಂಚೆಸ್ಟರ್‌ನ ಕಂಪ್ಯೂಟರ್‌ನಿಂದ ಕ್ರಿಸ್ಟೋಫರ್ ಸ್ಟ್ರೇಚಿ ಪ್ರೇಮಪತ್ರ ಬರೆಸಿದ್ದಾನೆ. ಪದಪಟ್ಟಿಯಿಂದ ಸಿಕ್ಕಿದ್ದನ್ನು ಆಯ್ದು ವಾಕ್ಯದ ಅಚ್ಚಿಗೆ ಸುರಿಯುವುದು ಅಷ್ಟೇ. ಪತ್ರಗಳು ಹಾಸ್ಯಾಸ್ಪದ. ಆದರೆ ನಗು ಯಂತ್ರದ ಮೇಲೋ, ಅಷ್ಟೇ ಯಾಂತ್ರಿಕವಾಗಿ 'ಪ್ರಿಯೆ, ಪ್ರಾಣವೇ' ಎಂದು ಬರೆಯುವ ನಮ್ಮ ಮೇಲೋ? ನನಗಂತೂ ಎರಡನೆಯದು.

ಲೆಕ್ಕಿಗ:

'ಆಫ್ಟರ್‌ನೂನ್' ಅನ್ನು ಹೊಗಳುವವರು ಬಹಳ, ಮುಗಿಸಿದವರು ಕಡಿಮೆ ಎಂಬ ಗುಮಾನಿ ನನಗಿದೆ. ಆದರೆ ಯಂತ್ರದ ಕವಿತೆಯ ಮಾತಿಗೆ ಸೇರಿಸುತ್ತೇನೆ: 1961ರಲ್ಲಿ ಫ್ರಾನ್ಸಿನ ರೇಮೋ ಕೆನೊ ಹತ್ತು ಸಾನೆಟ್ ಬರೆದು, ಪ್ರತಿ ಸಾಲನ್ನೂ ಬೇರೆ ಬೇರೆ ಪಟ್ಟಿಯಾಗಿ ಕತ್ತರಿಸಿದ ಪುಸ್ತಕ ಮಾಡಿದ. ಯಾವ ಸಾಲನ್ನು ಯಾವುದರೊಡನೆ ಬೇಕಾದರೂ ಜೋಡಿಸಬಹುದು. ಹದಿನಾಲ್ಕು ಸಾಲು, ಪ್ರತಿಯೊಂದಕ್ಕೂ ಹತ್ತು ಆಯ್ಕೆ, ಒಟ್ಟು ಹತ್ತರ ಹದಿನಾಲ್ಕನೆಯ ಘಾತದಷ್ಟು ಕವಿತೆ. ಹಗಲಿರುಳು ಓದಿದರೂ ಸುಮಾರು 19 ಕೋಟಿ ವರ್ಷ ಬೇಕೆಂದು ಅವನೇ ಲೆಕ್ಕ ಹಾಕಿದ್ದಾನೆ. ಕಂಪ್ಯೂಟರ್ ಇಲ್ಲದ ಡಿಜಿಟಲ್ ಸಾಹಿತ್ಯ. ನಮ್ಮಲ್ಲಿ ಸಿರಿಭೂವಲಯ ಎಂಬ ಕನ್ನಡ ಕಾವ್ಯವೂ ಇದೇ ಜಾತಿಯದು: ಅಕ್ಷರದ ಬದಲು 1ರಿಂದ 64ರವರೆಗಿನ ಅಂಕಿ, 27ಕ್ಕೆ 27 ಮನೆಗಳ ಚಕ್ರ, ಓದುವ ದಾರಿಗೇ ಬಂಧ ಎಂದು ಹೆಸರು.

ಶೇಷಪತ್ರ:

ಸಿರಿಭೂವಲಯದ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ, ಅದರಲ್ಲಿ ನೂರಾರು ಭಾಷೆ ಅಡಗಿವೆ ಎಂಬ ಮಾತನ್ನು ನಾನು ನಂಬುವುದೂ ಇಲ್ಲ. ರಚನೆಯ ಮಟ್ಟಿಗೆ ನೀವು ಹೇಳಿದ್ದು ಸರಿ. ಆದರೆ ಅಕ್ಷರಗಳನ್ನು ಆಕಾರಕ್ಕೆ ಜೋಡಿಸುವ ಚಕ್ರಬಂಧ, ಸರ್ವತೋಭದ್ರ ಇಂಥವನ್ನೆಲ್ಲ ನಮ್ಮವರು ಚಿತ್ರಕಾವ್ಯ ಎಂದು ಕರೆದು ಎಲ್ಲಿ ಕೂರಿಸಿದರು? ಮೀಮಾಂಸಕ ಆನಂದವರ್ಧನನ ದೃಷ್ಟಿಯಲ್ಲಿ ಅದು ಕಾವ್ಯದ ಅನುಕರಣೆ, ಕಾವ್ಯವಲ್ಲ. ಮಮ್ಮಟ ಅಧಮ ಎಂದ. ಬಿಡಿಸುವ ಬೆರಗು ಬೇರೆ, ನುಡಿಯದೆ ಹೊಮ್ಮುವ ಅರ್ಥವಾದ ಧ್ವನಿ ಬೇರೆ. ಕೆನೊನ 19 ಕೋಟಿ ವರ್ಷ ಬೆರಗಿನ ಸಂಗತಿ. ಅದರಲ್ಲಿ ಯಾವ ಒಂದು ಕವಿತೆ ನಿಮ್ಮನ್ನು ಹಿಡಿದು ನಿಲ್ಲಿಸಿತು, ಹೇಳಿ.

ನಡುಪುಟ:

ಹಿಡಿದು ನಿಲ್ಲಿಸಿದ್ದು ಯಾವ ಒಂದು ಕವಿತೆಯೂ ಅಲ್ಲ, ಇನ್ನಾರೂ ಓದದ ಒಂದನ್ನು ನಾನು ಈಗ ಓದುತ್ತಿದ್ದೇನೆ ಎಂಬ ಅರಿವು. ಅದನ್ನು ಧ್ವನಿ ಎನ್ನಲು ನನಗೆ ಸಂಕೋಚವಿಲ್ಲ, ಸಾಲಿನಿಂದ ಹೊಮ್ಮಿದ್ದಲ್ಲ, ರಚನೆಯಿಂದ ಹೊಮ್ಮಿದ್ದು.

ಗುಬ್ಬಚ್ಚಿಮರಿ:

ಇಷ್ಟೆಲ್ಲ ಯೋಚಿಸಿ ಆಟ ಆಡಿದರೆ ಆಟ ಎಲ್ಲಿ ಉಳಿಯುತ್ತದೆ ಸ್ವಾಮಿ?

ನಿರ್ವಾಹಕ:

ಬ್ರೌಸರ್ ಆಟಗಳನ್ನು ಓಡಿಸುತ್ತಿದ್ದ ಫ್ಲ್ಯಾಷ್ ತಂತ್ರಾಂಶ ನಿಂತ ಮೇಲೆ ಅಳಿದ ಕೃತಿಗಳನ್ನು ಕುರಿತ ನಾಲ್ಕು ಟಿಪ್ಪಣಿಗಳನ್ನು ಪ್ರತ್ಯೇಕ ಎಳೆಗೆ ಸರಿಸಿದ್ದೇನೆ. ಇಲ್ಲಿ ರಸದ ಪ್ರಶ್ನೆಗೇ ಅಂಟಿಕೊಳ್ಳಿ.

ಗುಬ್ಬಚ್ಚಿಮರಿ:

ಸರಿ, ಅಂಟಿಕೊಂಡೇ ಒಂದು ಮಾತು. ಶೇಷಪತ್ರ ಸರ್, ಆಟದ ದುಃಖ ಲೌಕಿಕ ಎಂದಿರಿ. ಲೌಕಿಕದಲ್ಲಿ ಸತ್ತವರು ಎದ್ದು ಬರುತ್ತಾರೆಯೇ? 'ಪೇಪರ್ಸ್, ಪ್ಲೀಸ್'ನಲ್ಲಿ ಹಿಂದಿನ ಯಾವ ದಿನಕ್ಕೆ ಬೇಕಾದರೂ ಮರಳಿ ಹೋಗಿ ಅಲ್ಲಿಂದ ಬೇರೆ ದಾರಿ ಹಿಡಿಯಬಹುದು, ಒಟ್ಟು ಇಪ್ಪತ್ತು ಅಂತ್ಯಗಳಿವೆ. ಪಡುವಣಗಾಳಿ ಅವರು ಹಿಂದಕ್ಕೆ ಹೋಗಿ ಆ ಹೆಂಗಸನ್ನು ಒಳಗೆ ಬಿಡಬಹುದಿತ್ತು. ಪರಿಣಾಮವೇ ಇಲ್ಲದ ದುಃಖ ಲೌಕಿಕ ಹೇಗಾಗುತ್ತದೆ?

2015ರ 'ಅಂಡರ್‌ಟೇಲ್' ಇದನ್ನೇ ತಿರುಗಿಸಿ ಹೊಡೆಯುತ್ತದೆ. ಆರಂಭದಲ್ಲಿ ನಿಮ್ಮನ್ನು ಮಗುವಿನಂತೆ ನೋಡಿಕೊಳ್ಳುವ ತೋರಿಯೆಲ್ ಎಂಬ ಪಾತ್ರವನ್ನು ಕೊಂದು, ಮನಸ್ಸು ತಡೆಯದೆ ಹಿಂದಕ್ಕೆ ಹೋಗಿ, ಈ ಬಾರಿ ಕೊಲ್ಲದೆ ಬಿಟ್ಟರೆ, ಮುಂದೆ ಸಿಗುವ ಹೂವೊಂದು ನೀವು ಮಾಡಿದ್ದು ನನಗೆ ಗೊತ್ತು ಎಂದು ಅಣಕಿಸುತ್ತದೆ. ಕಥೆಯಲ್ಲಿ ನಡೆದೇ ಇಲ್ಲದ ಕೊಲೆಗೆ ಆಟಗಾರ ಹೊಣೆ! ಅದು ಯಾರ ದುಃಖ? ಪಾತ್ರದ್ದಲ್ಲ, ಪಾತ್ರ ಕೊಂದಿಲ್ಲ. ನನ್ನದೂ ಪೂರ್ತಿ ಅಲ್ಲ, ಯಾರೂ ಸತ್ತಿಲ್ಲ.

ಶೇಷಪತ್ರ:

ಇದು ನನ್ನನ್ನು ಯೋಚನೆಗೆ ಹಚ್ಚಿತು. ನಿನ್ನೆಯೆಲ್ಲ ಉತ್ತರ ಬರೆಯದೆ ಇದ್ದದ್ದು ಅದಕ್ಕೇ. 'ನನ್ನದೂ ಅಲ್ಲ, ನನ್ನದಲ್ಲದ್ದೂ ಅಲ್ಲ. ಅವನದೂ ಅಲ್ಲ, ಅವನದಲ್ಲದ್ದೂ ಅಲ್ಲ' ಎಂಬುದು ಸಾಧಾರಣೀಕರಣವನ್ನು ವಿವರಿಸುವಾಗ ತರಗತಿಯಲ್ಲಿ ನಾವೇ ಹೇಳುತ್ತಿದ್ದ ಮಾತು. ಗುಬ್ಬಚ್ಚಿಮರಿ ಅದನ್ನು ಓದದೆಯೇ ತಲುಪಿದ್ದಾರೆ. ಆಟದ ದುಃಖ ಲೌಕಿಕ ಎಂಬ ಭಾಗವನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೆ ರಸಕ್ಕೆ ವಿಶ್ರಾಂತಿ ಬೇಕು. ಚಿತ್ತ ಬೇರೇನನ್ನೂ ಬಯಸದೆ ಅಲ್ಲಿಯೇ ನೆಲೆ ನಿಲ್ಲಬೇಕು. ಮುಂದೇನು ಒತ್ತಲಿ ಎಂದು ಬೆರಳು ತುಡಿಯುತ್ತಿರುವವರೆಗೆ ವಿಶ್ರಾಂತಿ ಎಲ್ಲಿಯದು? ಆ ಆಕ್ಷೇಪ ಹಾಗೆಯೇ ನಿಲ್ಲುತ್ತದೆ. ಪಡುವಣಗಾಳಿ ಅವರು ಮೊದಲೇ ಹೇಳಿದ ಕಸಿವಿಸಿ ಎಂದರೆ ಇದೇ.

ಇನ್ನು ಹರಿಶ್ಚಂದ್ರನ ಹೋಲಿಕೆ. ಸುಡುಗಾಡಿನಲ್ಲಿ ತೆರಿಗೆ ಬಿಡುವ ಆಯ್ಕೆಯನ್ನು ಆಟಗಾರನಿಗೆ ಕೊಟ್ಟರೆ ಅವನು ಹರಿಶ್ಚಂದ್ರನಲ್ಲ. ಕೊಡದಿದ್ದರೆ ಅದು ಆಟವಲ್ಲ. ಇಲ್ಲಿಗೆ ನಿಮ್ಮ ಮಾಧ್ಯಮ ಮುಗಿಯಿತು ಎಂದು ನನಗೆ ತೋರುತ್ತದೆ.

ಪಡುವಣಗಾಳಿ:

ಮುಗಿಯಲಿಲ್ಲ ಸರ್, ಅಲ್ಲಿಂದಲೇ ಶುರುವಾಗುತ್ತದೆ. ರಾಘವಾಂಕನ ಹರಿಶ್ಚಂದ್ರನಿಗೆ ಆಯ್ಕೆ ಇಲ್ಲವೆಂದು ಯಾರು ಹೇಳಿದರು? ಆ ಕಾವ್ಯದ ಉದ್ದಕ್ಕೂ ಹೊರಬಾಗಿಲು ತೆರೆದೇ ಇದೆ. ಒಂದು ಸುಳ್ಳು ಹೇಳಿದರೆ ಸಾಕು, ಕೊಟ್ಟ ಮಾತಿನಿಂದ ಹಿಂಜರಿದರೆ ಸಾಕು, ರಾಜ್ಯ ವಾಪಸ್. ವಿಶ್ವಾಮಿತ್ರ ಆ ಬಾಗಿಲನ್ನು ಮತ್ತೆ ಮತ್ತೆ ತೋರಿಸುತ್ತಾನೆ. ಹರಿಶ್ಚಂದ್ರನ ದೊಡ್ಡತನ ಆಯ್ಕೆ ಇಲ್ಲದ್ದರಲ್ಲಿ ಅಲ್ಲ, ಕಣ್ಣೆದುರಿನ ಆಯ್ಕೆಯನ್ನು ಮುಟ್ಟದ್ದರಲ್ಲಿ. ಹಾಗಾಗಿ ಆಟವಾದರೆ ಪರದೆಯ ಮೂಲೆಯಲ್ಲಿ 'ಹುಸಿ' ಎಂಬ ಗುಂಡಿ ಮೊದಲ ಗಳಿಗೆಯಿಂದ ಇರಲಿ. ಅದನ್ನು ಒತ್ತಿದರೆ ದಂಡವಿಲ್ಲ, ಬೈಗುಳವಿಲ್ಲ. ಅರಮನೆ, ಹೆಂಡತಿ, ಮಗ ಎಲ್ಲ ಮರಳುತ್ತದೆ, ಆಟ ಸುಖವಾಗಿ ಮುಗಿಯುತ್ತದೆ. ರಾಜ್ಯ ಹೋದಾಗ, ಹೆಂಡತಿ ಮಗ ಮಾರಾಟವಾದಾಗ, ವೀರಬಾಹುಕನ ಆಳಾಗಿ ಸುಡುಗಾಡು ಕಾಯುವಾಗ ಆ ಗುಂಡಿ ಅಲ್ಲೇ ಇರುತ್ತದೆ. ಯಾರು ಎಲ್ಲಿ ಒತ್ತುತ್ತಾರೆ? ಒತ್ತದೆ ಕೊನೆಗೆ ಬಂದವನಿಗೆ ಚಂದ್ರಮತಿ ಎದುರಾದಾಗ ಆಗುವುದಕ್ಕೆ ಯಾವ ಹೆಸರಿಡುತ್ತೀರಿ?

ಮದ್ದಳೆ:

ಸುಡುಗಾಡಿನಲ್ಲಿ ನೇರವಾಗಿ ಚಂದ್ರಮತಿಯನ್ನೇ ತರಬೇಡಿ. ಮೊದಲು ಬೇರೆ ಹೆಣಗಳು ಬರಲಿ, ಬಡವರು ಗೋಗರೆಯಲಿ. ಅವರಿಂದ ತೆರಿಗೆ ಕಿತ್ತುಕೊಂಡವನಿಗಷ್ಟೇ ಇವಳ ಮುಂದೆ ನಿಂತಾಗ ಮಾತು ಕಟ್ಟುತ್ತದೆ. ಒಳ್ಳೆಯ ಅರ್ಥಧಾರಿ ಭಾವ ಏರಿಸುವುದೂ ಹೀಗೆಯೇ.

ಲೆಕ್ಕಿಗ:

ಎರಡೂ ಸೇರಿದರೆ ಕೆಲಸಕ್ಕೆ ಬರುತ್ತದೆ. ಒಂದು ತಿದ್ದುಪಡಿ: 'ಹುಸಿ' ಗುಂಡಿಗೆ ಬಣ್ಣ, ಮಿನುಗು ಏನೂ ಬೇಡ. ಮಿನುಗಿದರೆ ಒತ್ತಬಾರದೆಂದು ಆಟಗಾರನಿಗೆ ತಕ್ಷಣ ಗೊತ್ತಾಗುತ್ತದೆ, ಆಗ ಅದು ಪರೀಕ್ಷೆ ಅಲ್ಲ, ಒಗಟು. ಆಟ ಬೇಸರವಾಗಿ ನಿಲ್ಲಿಸುವವನಿಗೂ ಸೋತು ಹುಸಿ ನುಡಿಯುವವನಿಗೂ ಅದೇ ಗುಂಡಿ ಇರಲಿ. ಬೇರೆ ನಿರ್ಗಮನವೇ ಬೇಡ.

ತಾಂತ್ರಿಕವಾಗಿ: ಕವಲೊಡೆಯುವ ಕಥೆ ಕಟ್ಟುವ ಟ್ವೈನ್ ತಂತ್ರಾಂಶ ಬಳಸಿ. ಕ್ರಿಸ್ ಕ್ಲಿಮಾಸ್ 2009ರಲ್ಲಿ ಬಿಟ್ಟದ್ದು, ಉಚಿತ, ಬ್ರೌಸರ್‌ನಲ್ಲಿ ಓಡುವುದರಿಂದ ಒತ್ತಕ್ಷರಗಳು ಒಡೆಯುವುದಿಲ್ಲ. ದೊಡ್ಡ ಆಟಗಳ ಎಂಜಿನ್‌ಗಳಲ್ಲಿ ಕನ್ನಡ ಕೂರಿಸಲು ಹೋಗಿ ಒತ್ತುಗಳೆಲ್ಲ ಪಕ್ಕಕ್ಕೆ ಸಾಲುಗಟ್ಟಿ ನಿಂತದ್ದನ್ನು ಕಂಡಿದ್ದೇನೆ. ಗೋಡೋ ಎಂಬ ಎಂಜಿನ್ ನಾಲ್ಕನೆಯ ಆವೃತ್ತಿಯಿಂದ ಪರವಾಗಿಲ್ಲ. ಆಟಗಾರನಿಂದ ವಾಕ್ಯ ಬರೆಸಿಕೊಳ್ಳುವ ಹಳೆಯ ಸಾಹಸಕಥೆಗಳ ದಾರಿಗೆ ಹೋಗಬೇಡಿ. ಇಂಗ್ಲಿಷಿನಲ್ಲಿ ಕ್ರಿಯಾಪದ, ನಾಮಪದ ಎರಡೇ ಪದ ಹಿಡಿದರೆ ಮುಗಿಯಿತು, ನಮ್ಮಲ್ಲಿ 'ಹೆಣ', 'ಹೆಣವನ್ನು', 'ಹೆಣಕ್ಕೆ', 'ಹೆಣದ' ಎಲ್ಲವನ್ನೂ ಬಿಡಿಸಬೇಕು. ಗುಂಡಿಗಳೇ ಸಾಕು.

ಒಂದನ್ನು ಮಾತ್ರ ಈಗಲೇ ತೀರ್ಮಾನಿಸಿ. ಟ್ವೈನ್‌ನ ಹಾರ್ಲೋ ವಿನ್ಯಾಸದಲ್ಲಿ ಪಕ್ಕಕ್ಕೆ ಹಿಂದಕ್ಕೆ ಹೋಗುವ ಬಾಣ ತಾನಾಗಿಯೇ ಬರುತ್ತದೆ. ಇಟ್ಟುಕೊಳ್ಳುತ್ತೀರೋ ತೆಗೆಯುತ್ತೀರೋ?

ಪಡುವಣಗಾಳಿ:

ತೆಗೆಯಬೇಕು.

ಗುಬ್ಬಚ್ಚಿಮರಿ:

ಇಟ್ಟುಕೊಳ್ಳಿ! ಹುಸಿ ನುಡಿದು ಅರಮನೆಗೆ ಮರಳಿದವನು ತಾನಾಗಿಯೇ ಬಾಣ ಒತ್ತಿ ಸುಡುಗಾಡಿಗೆ ವಾಪಸ್ ಬಂದರೆ, ಅದಕ್ಕಿಂತ ದೊಡ್ಡ ಗೆಲುವು ನಿಮ್ಮ ಆಟಕ್ಕೆ ಯಾವುದಿದೆ?

ಶೇಷಪತ್ರ:

ಬಾಣ ಇರಲಿ ಎಂದು ನನ್ನ ಮತವೂ. ಮೊದಲ ಕರಡು ಸಿದ್ಧವಾದಾಗ ಹಿತ್ತಿಲಬಾಗಿಲು ಅವರ ಮಗ ಆಡಲಿ, ನಾವಿಬ್ಬರೂ ಪಕ್ಕದಲ್ಲಿ ಕೂತು ನೋಡುತ್ತೇವೆ. ವಿಶ್ರಾಂತಿಯ ಆಕ್ಷೇಪವನ್ನು ನಾನಿನ್ನೂ ಬಿಟ್ಟುಕೊಟ್ಟಿಲ್ಲ.